ಲೋಕೇಶನ ಎರಡು ಸ್ಟಾರ್

ನಮ್ಮ ಲೋಕೇಶನ ಹೋಂಸ್ಟೇಗೆ ಬೆಂಗಳೂರಿನ ಗೆಸ್ಟ್ ಒಬ್ಬರು ಎರಡು ಸ್ಟಾರ್ ಕೊಟ್ಟು ಹೋದರು. ಅಕ್ಕಿರೊಟ್ಟಿ ಚೆನ್ನಾಗಿತ್ತು, ಬಿಸಿನೀರು ಬಂತು, ನಾಯಿ ಕಚ್ಚಲಿಲ್ಲ, ಎಲ್ಲಾ ಸರಿ. ಆದರೆ ಬೋರ್ಡಿನಲ್ಲಿ 'ನೇಚರ್ ಸ್ಟೇ' ಅಂತ ಬರೆದುಕೊಂಡಿರುವ ಯಜಮಾನರಿಗೆ ನೇಚರ್ ಬಗ್ಗೆ ಏನೂ ಗೊತ್ತಿಲ್ಲ, ಮರದ ಮೇಲಿದ್ದ ಹಕ್ಕಿ ತೋರಿಸಿ ಇದು ಯಾವುದು ಅಂತ ಕೇಳಿದರೆ "ಇಲ್ಲಿಯದೇ" ಅಂದರು, ಅಂತ ಊರಿಗೆಲ್ಲ ಕಾಣುವ ಹಾಗೆ ಬರೆದಿದ್ದರು. ಜೊತೆಗೆ ಆ ಹಕ್ಕಿಯ ಫೋಟೋ ಬೇರೆ.

"ಸುಳ್ಳೇನಾದರೂ ಹೇಳಿದೆನಾ ನಾನು? ಇಲ್ಲಿಯದೇ ಅದು. ದಿನಾ ಬರುತ್ತೆ," ಅಂತ ಲೋಕೇಶ ಫೋನನ್ನು ಒಬ್ಬೊಬ್ಬರ ಮೂಗಿನ ಹತ್ತಿರ ಹಿಡಿದ.

ಪೂವಣ್ಣ ಮಾವ ಕನ್ನಡಕ ಏರಿಸಿ ಓದಿದರು. "ಎರಡು ಸ್ಟಾರ್ ಅಂದರೆ ಕಮ್ಮಿಯಾ ಮಾರಾಯ? ಸುಬೇದಾರ್ ಆಗಿ ಹೆಗಲ ಮೇಲೆ ಎರಡು ಸ್ಟಾರ್ ಹಾಕಿಕೊಳ್ಳೋಕೆ ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ನಿನಗೆ ಒಂದೇ ರಾತ್ರಿಗೆ ಸಿಕ್ಕಿದೆ."

ಇದು ಕೊಡಗಿನ ಕಕ್ಕಬ್ಬೆ ಕಡೆ, ಪೂವಣ್ಣ ಮಾವನ ಮನೆ ಜಗಲಿಯಲ್ಲಿ, ಜುಲೈ ಕೊನೆಯ ಒಂದು ಸಂಜೆ ನಡೆದ ಮಾತು. ಕರೆಂಟ್ ಹೋಗಿತ್ತು. ಕರೆಂಟ್ ಹೋಗಿತ್ತು ಅಂತ ಹೇಳೋದೇ ತಪ್ಪು, ಆ ತಿಂಗಳಲ್ಲಿ ಬಂದರೆ ಮಾತ್ರ ಹೇಳಬೇಕು. ಮಾವ, ಲೋಕೇಶ, ಜೀಪ್ ಓಡಿಸುವ ಹಮೀದ್, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ದೇಚಕ್ಕ, ಮತ್ತೆ ನಾನು. ಮೆಟ್ಟಿಲ ಹತ್ತಿರ ಬೆಟ್ಟದ ಮನೆ ಅಜ್ಜ ಮಳೆಗೆ ಹೊದ್ದುಕೊಳ್ಳುವ ಗೊರಬೆ ಬಿಚ್ಚಿಟ್ಟು ಕೂತಿದ್ದರು. ಕುಡಿಯ ಅನ್ನುವ ಬುಡಕಟ್ಟಿನವರು, ಜೇನು ತೆಗೆಯುವುದರಲ್ಲಿ ಎತ್ತಿದ ಕೈ. ಮಾವನಿಗೆ ಜೇನು ಕೊಡಲು ಬಂದವರು ಮಳೆಗೆ ಸಿಕ್ಕಿಬಿದ್ದಿದ್ದರು. ಮಾತು ಅವರಿಗೆ ಜಾಸ್ತಿ ಇಲ್ಲ.

ದೇಚಕ್ಕ ಫೋನ್ ಕಸಿದುಕೊಂಡು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ನೋಡಿ ನಗೋಕೆ ಶುರು ಮಾಡಿದರು.

"ಲೋಕೇಶಾ, ಇದು ಮಂಗಟ್ಟೆ ಕಣೋ. ಮಲಬಾರ್ ಬೂದು ಮಂಗಟ್ಟೆ. ಇಡೀ ಪ್ರಪಂಚದಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆ ಎಲ್ಲೂ ಇಲ್ಲ ಈ ಹಕ್ಕಿ."

ಲೋಕೇಶ ಎದ್ದು ನಿಂತ. "ಅಂದರೆ ನಾನು ಹೇಳಿದ್ದು..."

"ಅಕ್ಷರ ಅಕ್ಷರ ಸರಿ. ಇಲ್ಲಿಯದೇ."

ಆಮೇಲೆ ಐದು ನಿಮಿಷ ಅವನನ್ನು ಹಿಡಿಯೋರೇ ಇಲ್ಲ. ಆ ಗೆಸ್ಟಿಗೆ ಫೋನ್ ಮಾಡುತ್ತೇನೆ, ಮೂರು ಸ್ಟಾರ್ ಬಾಕಿ ವಸೂಲಿ ಮಾಡುತ್ತೇನೆ ಅಂತ ಕುಣಿದ. ರೇಂಜ್ ಇರಲಿಲ್ಲ, ಆ ಗೆಸ್ಟ್ ಬಚಾವಾದರು.

ಕುಣಿತ ಮುಗಿದ ಮೇಲೆ ಅಸಲಿ ವಿಷಯಕ್ಕೆ ಬಂದ. ಮುಂದಿನ ವಾರ ಮತ್ತೊಂದು ಗುಂಪು ಬರುತ್ತಿದೆ. ಅಷ್ಟರಲ್ಲಿ ಅವನಿಗೆ ಪರಿಸರ ಕಲಿಯಬೇಕು. ಪೂರ್ತಿ. ಶನಿವಾರದೊಳಗೆ.

"ಸಿಲಬಸ್ ಏನಿದೆ ಹೇಳಿ ದೇಚಕ್ಕ. ಇಂಪಾರ್ಟೆಂಟ್ ಪ್ರಶ್ನೆ ಮಾತ್ರ ಓದಿಕೊಳ್ತೀನಿ."

ದೇಚಕ್ಕನಿಗೆ ಇಂಥ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತೆ, ಆದರೆ ಕಲಿಸುವ ಚಪಲ ಅದಕ್ಕಿಂತ ದೊಡ್ಡದು. ಮೊದಲು ಮರ್ಲಿನ್ ಅಂತ ಆ್ಯಪ್ ಹಾಕಿಕೋ ಅಂದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಪ್ರಯೋಗಾಲಯದವರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ನಮ್ಮ ಕಡೆಯ ಹಕ್ಕಿಗಳ ಪಟ್ಟಿಯನ್ನು ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ಕೂಗು ಕೇಳಿ ಇದು ಈ ಹಕ್ಕಿ ಇರಬಹುದು ಅನ್ನುತ್ತೆ. ಅವರ ಫೋನಿನಲ್ಲಿ ಇತ್ತು. ಜಗಲಿಯ ಅಂಚಿಗೆ ಹಿಡಿದರು. ನಾವೆಲ್ಲ ಉಸಿರು ಬಿಗಿ ಹಿಡಿದು ಕೂತೆವು. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ನಮ್ಮ ಮಾತೇ ನಮಗೆ ಕೇಳುತ್ತಿರಲಿಲ್ಲ, ಪಾಪ ಆ್ಯಪ್ ಏನು ಮಾಡುತ್ತೆ. ಅಷ್ಟರಲ್ಲಿ ಮಾವ ನಾಯಿಗೆ ಒಂದು ವಿಸಿಲ್ ಹೊಡೆದರು. ಆ್ಯಪ್ ಸ್ವಲ್ಪ ಹೊತ್ತು ಯೋಚನೆ ಮಾಡಿ ಸುಮ್ಮನಾಯಿತು.

"ನನ್ನನ್ನು ಗುರುತು ಹಿಡಿಯಲಿಲ್ಲ," ಅಂದರು ಮಾವ, ಸ್ವಲ್ಪ ಬೇಜಾರಿನಲ್ಲಿ.

"ಅದನ್ನೇ ಪೂರ್ತಿ ನಂಬಬಾರದು," ಅಂದರು ದೇಚಕ್ಕ. "ಭೀಮರಾಜ ಇದೆಯಲ್ಲ, ಬಾಲದಲ್ಲಿ ಎರಡು ಉದ್ದ ಗರಿ ಇರುವ ಕಾಜಾಣ, ಅದು ಬೇರೆ ಹಕ್ಕಿಗಳ ದನಿಯನ್ನೆಲ್ಲ ಮಿಮಿಕ್ರಿ ಮಾಡುತ್ತೆ. ಆ್ಯಪ್ ಕೂಡ ಮೋಸ ಹೋಗಬಹುದು. ಕಿವಿಯಲ್ಲಿ ಕೇಳಿದ್ದನ್ನು ಕಣ್ಣಲ್ಲಿ ನೋಡಿ ಖಾತ್ರಿ ಮಾಡಿಕೋಬೇಕು. ಆಮೇಲೆ ಇ-ಬರ್ಡ್ ಅಂತ ಹಕ್ಕಿ ಲೆಕ್ಕದ ವೆಬ್‌ಸೈಟ್ ಇದೆ, ಅದರಲ್ಲಿ ಬರೆದಿಡಬೇಕು, ಎಲ್ಲಿ, ಯಾವಾಗ, ಎಷ್ಟು ಅಂತ. ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದ ತುಂಬಾ ಜನ ಮನೆ ಹಿತ್ತಲ ಹಕ್ಕಿ ಎಣಿಸ್ತಾರೆ. ಹದಿನೈದು ನಿಮಿಷ ಸಾಕು. ನಮ್ಮ ದೇಶದವರು 2013ರಿಂದ ಸೇರಿದ್ದಾರೆ."

"ಎಣಿಸಿದರೆ ಹಕ್ಕಿಗೆ ಏನು ಲಾಭ?" ಹಮೀದ್ ಕೇಳಿದ. ಹಮೀದ್ ಯಾವಾಗಲೂ ಹಣಕಾಸು ವಿಭಾಗದ ಪ್ರಶ್ನೆ ಕೇಳುವವನು.

ನನ್ನ ಪ್ರಕಾರ ಇದು ಆ ಸಂಜೆಯ ಒಳ್ಳೆಯ ಪ್ರಶ್ನೆ. ದೇಚಕ್ಕ ಉತ್ತರ ಹೇಳುವ ಮೊದಲೇ ಪೂವಣ್ಣ ಮಾವ ಎದ್ದು ಒಳಗೆ ಹೋದರು. ಒಳಗಿನಿಂದ ಟ್ರಂಕ್ ಎಳೆಯುವ ಸದ್ದು, ಅತ್ತೆ ಬೈಯುವ ಸದ್ದು. ಮಾವ ಒಂದು ರಾಶಿ ನೋಟ್‌ಬುಕ್ ತಂದು ಮಧ್ಯದಲ್ಲಿ ಇಟ್ಟರು. ಮಳೆ ಲೆಕ್ಕ.

ಕೊಡಗಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳಬೇಕು. ನಮ್ಮಲ್ಲಿ ಇಬ್ಬರು ಎದುರಾದರೆ ಮೊದಲು ಮಳೆ ಕೇಳುತ್ತೇವೆ, ಮನೆಯವರ ಆರೋಗ್ಯ ಆಮೇಲೆ. ಅದೂ ಇಂಚು ಸೆಂಟಿನಲ್ಲಿ. ಒಂದು ಇಂಚಿಗೆ ನೂರು ಸೆಂಟು. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ನಾವು ಹೋಗಿಲ್ಲ. ಅಂಗಳದಲ್ಲಿ ರೇನ್ ಗೇಜ್, ಬೆಳಿಗ್ಗೆ ಎದ್ದು ಅಳೆಯಬೇಕು, ಬರೆಯಬೇಕು. ಮಾವ ಮದುವೆ ಮನೆಗೆ ಹೋಗಿದ್ದರೆ ಅತ್ತೆ ಅಳೆಯುತ್ತಾರೆ, ಆದರೆ ಅತ್ತೆಯ ಸೆಂಟನ್ನು ಮಾವ ಪೂರ್ತಿ ನಂಬುವುದಿಲ್ಲ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕುತ್ತಾರೆ. ಇನ್ನು ಫೆಬ್ರವರಿ ಮಾರ್ಚ್‌ನಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಬಂದಾಗ ಪಕ್ಕದ ತೋಟಕ್ಕೆ ಒಂದು ಇಂಚು ಬಿದ್ದು ತಮ್ಮದಕ್ಕೆ ಹದಿನೈದು ಸೆಂಟು ಬಿದ್ದರೆ ಆ ಮನೆಯವರ ಹತ್ತಿರ ತಿಂಗಳುಗಟ್ಟಲೆ ಮಾತು ಬಿಡುವವರೂ ಇದ್ದಾರೆ. ಮಳೆ ಹಾಕಿದ್ದು ಅವರೇ ಅನ್ನುವ ಹಾಗೆ.

ಮಾವನ ಪುಸ್ತಕದಲ್ಲಿ ಮಳೆ ಮಾತ್ರ ಅಲ್ಲ. ಪಕ್ಕದ ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಏನೇನೋ ಇದೆ. 'ರೊಬಸ್ಟಾ ಕಾಫಿ ಹೂ ಬಿಟ್ಟಿತು.' 'ಹೆಜ್ಜೇನು ಬಂತು, ಅತ್ತಿ ಮರ.' 'ರಾತ್ರಿ ಆನೆ, ಬಾಳೆ ಹೋಯಿತು.' 'ತೋಡು (ಸಣ್ಣ ಹಳ್ಳ) ಹರಿಯೋದು ನಿಂತಿತು.' ಒಂದು ಕಡೆ 'ಇವಳ ತಮ್ಮ ಬಂದ, ಹೋಗಲಿಲ್ಲ' ಅಂತ ಕೂಡ ಇತ್ತು. ಅದನ್ನು ಹಮೀದ್ ಜೋರಾಗಿ ಓದಿದ. ಅತ್ತೆ ಒಳಗಿನಿಂದಲೇ "ಏನದು?" ಅಂದರು. ಮಾವ ಪುಟ ತಿರುಗಿಸಿದರು.

ದೇಚಕ್ಕ ಆ ಪುಸ್ತಕ ಹಿಡಿದುಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, "ಮಾವ, ಇದೇ ಉತ್ತರ ಹಮೀದನಿಗೆ. ತೋಡು ಮೊದಲು ಯಾವ ತಿಂಗಳಲ್ಲಿ ಬತ್ತುತ್ತಿತ್ತು, ಈಗ ಯಾವಾಗ ಬತ್ತುತ್ತೆ, ಹೂಮಳೆ ಎಷ್ಟು ಹಿಂದೆ ಮುಂದೆ ಆಗಿದೆ, ಎಲ್ಲಾ ಇಲ್ಲಿದೆ. ಯಾರಾದರೂ ಮಳೆ ಮೊದಲಿನ ಹಾಗಿಲ್ಲ ಅಂದರೆ ಅದು ಹರಟೆ. ಇದನ್ನು ತೋರಿಸಿದರೆ ಸಾಕ್ಷಿ. ಸೀಸನ್‌ವಾಚ್ ಅಂತ ಇದೆ, ಅವರು ಕೇಳೋದೂ ಇದನ್ನೇ. ಒಂದು ಮರ ಆರಿಸಿಕೋ, ವಾರಕ್ಕೊಮ್ಮೆ ನೋಡು, ಚಿಗುರು, ಹೂವು, ಕಾಯಿ ಬರೆದು ಕಳಿಸು. ನಮ್ಮ ಮಕ್ಕಳ ಕೈಯಲ್ಲಿ ಮಾಡಿಸ್ತಾ ಇದೀನಿ. ನೀವು ಯಾರೂ ಹೇಳದೆ ಮಾಡಿಬಿಟ್ಟಿದ್ದೀರಿ."

ಮಾವ ಮೀಸೆ ತಿರುವಿದರು. ಲೋಕೇಶ ಮಾತ್ರ ಲೆಕ್ಕ ಹಾಕುತ್ತಿದ್ದ. ಇಷ್ಟು ಪುಸ್ತಕ ಬರೆಯೋಕೆ ಶನಿವಾರದೊಳಗೆ ಆಗುವುದಿಲ್ಲ ಅಂತ ಅವನಿಗೆ ಖಾತ್ರಿಯಾಗಿತ್ತು.

2018ರ ಆಗಸ್ಟ್ ಪುಟ ಬಂದಾಗ ಯಾರೂ ನಗಲಿಲ್ಲ. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಇಳಿದು ಬಂದ ದಿನಗಳು. ಮಾವ ಆ ವಾರ ಪೂರ್ತಿ ಬರೀ ಅಂಕಿ ಬರೆದಿದ್ದಾರೆ, ಪಕ್ಕದಲ್ಲಿ ಒಂದು ಮಾತೂ ಇಲ್ಲ.

ಆಗ ನಾನು ಕೇಳಬಾರದ್ದು ಕೇಳಿದೆ. "ಲೋಕೇಶ, ಮನೆ ಹಿಂದೆ ಜೆಸಿಬಿ ಬರೋ ವಿಷಯ ಏನಾಯಿತು?"

ಅವನು ನನ್ನ ಕಡೆ ನೋಡಿದ ನೋಟಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿಲ್ಲ. ವಿಷಯ ಏನೆಂದರೆ ಮನೆ ಹಿಂದಿನ ಗುಡ್ಡದ ಬರೆಯನ್ನು (ಇಳಿಜಾರನ್ನು) ನೆಟ್ಟಗೆ ಕಡಿದು ಜಾಗ ಮಾಡಿ ಎರಡು ಕಾಟೇಜು, ಒಂದು ಸಣ್ಣ ಈಜುಕೊಳ ಕಟ್ಟುವ ಯೋಜನೆ ಇತ್ತು ಅವನಿಗೆ. ಮಾವ ಪುಸ್ತಕ ಮುಚ್ಚಿದರು. ಸುಬೇದಾರ್ ದನಿ ಬಂತು.

"ಗುಡ್ಡದ ಕಾಲು ಕಡಿದು ಅದರ ಬುಡದಲ್ಲೇ ಗೆಸ್ಟನ್ನು ಮಲಗಿಸ್ತೀಯಾ? ನೂರಿಂಚಿಗಿಂತ ಮೇಲೆ ಮಳೆ ಬೀಳೋ ಊರಲ್ಲಿ?"

"ತಡೆಗೋಡೆ ಕಟ್ತೀನಿ ಮಾವ."

"ಗೋಡೆ ಹಿಂದೆ ನೀರು ನಿಂತರೆ ಗೋಡೆ ಸಮೇತ ಬರುತ್ತೆ," ಅಂದರು ದೇಚಕ್ಕ. ನೆಲದಲ್ಲಿ ಹೊಸ ಬಿರುಕು ಕಂಡರೆ, ಮರಗಳು ವಾಲಿದರೆ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದ ಹಾಗೆ ಕೆಂಪಗಾದರೆ ಮನೆ ಬಿಟ್ಟು ಹೊರಡಬೇಕು ಅಂತ ಮಕ್ಕಳಿಗೆ ಕಲಿಸುತ್ತಾರಂತೆ. "ಹಕ್ಕಿ ಹೆಸರಿಗಿಂತ ಮೊದಲು ಇದನ್ನು ಕಲಿ. ನಿನ್ನ ನೇಚರ್ ಸ್ಟೇಗೆ ಇದೇ ಮೊದಲನೇ ಪಾಠ."

ಈಜುಕೊಳ ಅಲ್ಲಿಗೆ ಮುಳುಗಿತು. ಕಾಟೇಜಿನ ವಿಷಯದಲ್ಲಿ ನೋಡೋಣ ಅಂದ. ಅವನ ನೋಡೋಣದ ಮೇಲೆ ಒಂದು ಕಣ್ಣಿಡಬೇಕು.

ಈಜುಕೊಳದ ಮಾತು ಬಂದಿದ್ದಕ್ಕೆ ನೀರಿನ ಮಾತೂ ಬಂತು. ಮಾರ್ಚ್‌ನಲ್ಲಿ ಲೋಕೇಶ ಟ್ಯಾಂಕರ್ ನೀರು ತರಿಸುತ್ತಾನೆ. ಹೌದು, ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ, ಮಳೆಗಾಲದಲ್ಲಿ ಬಟ್ಟೆ ಒಣಗಿಸೋಕೆ ಒಲೆ ಹಚ್ಚುವ ಊರಲ್ಲಿ. ದೇಚಕ್ಕ ಮಾವನ ಪುಸ್ತಕದ ಹಿಂದಿನ ಪುಟದಲ್ಲೇ ಲೆಕ್ಕ ಹಾಕಿ ತೋರಿಸಿದರು. ಸಾವಿರ ಚದರ ಅಡಿ ಮಾಡಿನ (ಛಾವಣಿಯ) ಮೇಲೆ ಒಂದು ಇಂಚು ಮಳೆ ಬಿದ್ದರೆ 2,300 ಲೀಟರಿಗೂ ಜಾಸ್ತಿ ನೀರು. ಒಂದು ಎಕರೆ ತೋಟದ ಮೇಲೆ ಒಂದು ಇಂಚು ಅಂದರೆ ಒಂದು ಲಕ್ಷ ಲೀಟರಿಗೂ ಮೇಲೆ. ಅದೆಲ್ಲ ಇಳಿಜಾರಿನಲ್ಲಿ ಓಡಿ ಹೋಗುತ್ತೆ, ಇವನು ಟ್ಯಾಂಕರಿನವನಿಗೆ ಗೂಗಲ್ ಪೇ ಮಾಡುತ್ತಾನೆ.

"ಮಾಡಿನ ನೀರು ಹಿಡಿಯೋಕೆ ದೊಡ್ಡ ಸಿಂಟೆಕ್ಸ್ ಇಡು. ಮೊದಲ ಮಳೆಯ ಕೊಳೆ ನೀರು ಬಿಟ್ಟುಬಿಡು, ಆಮೇಲಿನದ್ದು ಹಿಡಿ," ಅಂದರು ದೇಚಕ್ಕ.

"ಟ್ಯಾಂಕ್ ಜೂನ್‌ನಲ್ಲೇ ತುಂಬಿಹೋಗುತ್ತೆ, ಮಾರ್ಚ್ ತನಕ ಇರಬೇಕಲ್ಲ?" ಹಮೀದ್ ಮತ್ತೆ ಸರಿಯಾದ ಪ್ರಶ್ನೆ. ಅದಕ್ಕೆ ಮಾವ ಉತ್ತರ ಕೊಟ್ಟರು. ಮಾರ್ಚ್ ತನಕ ನೀರು ಇಟ್ಟುಕೊಳ್ಳುವ ಟ್ಯಾಂಕ್ ನೆಲದೊಳಗೇ ಇದೆ, ತೋಡಿನ ತಲೆಯಲ್ಲಿ ಮರ ಉಳಿಸು, ಗದ್ದೆ ಪಾಳು ಬಿಡಬೇಡ, ಗದ್ದೆಯಲ್ಲಿ ನಿಂತ ನೀರು ಇಂಗಿ ಕೆಳಗಿನ ಬಾವಿಗೆ ಹೋಗುತ್ತೆ ಅಂತ. ಲೋಕೇಶನ ಗದ್ದೆ ಈಗ ಪಾರ್ಕಿಂಗ್. ಅವನು ಮಾತು ಬದಲಾಯಿಸಿದ.

"ಗಿಡ ನೆಡ್ತೀನಿ! ಬರುವ ಗೆಸ್ಟೆಲ್ಲ ಒಂದೊಂದು ಗಿಡ ನೆಡಲಿ. ಫೋಟೋ ತೆಗೆಸಿಕೊಳ್ಳಲಿ. ಐನೂರು ರೂಪಾಯಿ."

"ಯಾವ ಗಿಡ?"

"ಸಿಲ್ವರ್ ಓಕ್. ಬೇಗ ಬರುತ್ತೆ, ಮೆಣಸು ಹಬ್ಬಿಸಬಹುದು, ಕಡಿಯೋಕೂ ರಗಳೆ ಇಲ್ಲ."

ಇಲ್ಲಿ ಮೂರು ಜನ ಒಟ್ಟಿಗೆ ಬಾಯಿ ತೆಗೆದರು. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಅದರ ಮೇಲೆ ನಮಗೆ ದ್ವೇಷ ಇಲ್ಲ, ನನ್ನ ತೋಟದಲ್ಲೂ ಇದೆ, ಮೆಣಸಿನ ದುಡ್ಡು ನಾನೂ ತಿಂದಿದ್ದೇನೆ. ಆದರೆ ಮಂಗಟ್ಟೆ ಅದರಲ್ಲಿ ಏನು ತಿನ್ನಬೇಕು? ಅದಕ್ಕೆ ಬೇಕಾದ್ದು ಅತ್ತಿ, ಬಸರಿ, ಗೋಣಿ ಮರದ ಹಣ್ಣು. ಗೂಡಿಗೆ ದೊಡ್ಡ ಹಳೇ ಮರದ ಪೊಟರೆ ಬೇಕು. ಹೆಣ್ಣು ಒಳಗೆ ಕೂತು ಬಾಗಿಲನ್ನು ಮುಚ್ಚಿಕೊಳ್ಳುತ್ತೆ, ಸಣ್ಣ ಸಂದು ಮಾತ್ರ ಬಿಟ್ಟು. ಮೊಟ್ಟೆ ಒಡೆದು ಮರಿ ಸ್ವಲ್ಪ ದೊಡ್ಡದಾಗುವ ತನಕ ಗಂಡು ಹೊರಗಿನಿಂದ ಹಣ್ಣು ತಂದು ತಂದು ಆ ಸಂದಿನಲ್ಲಿ ಕೊಡುತ್ತಿರಬೇಕು.

"ತಿಂಗಳುಗಟ್ಟಲೆ?" ಹಮೀದ್ ಕೇಳಿದ.

"ತಿಂಗಳುಗಟ್ಟಲೆ."

"ಹೆಂಡತಿ ಬಾಗಿಲು ಹಾಕಿಕೊಂಡು ಒಳಗೆ, ನಾನು ಹೊರಗೆ ತರಕಾರಿ ಚೀಲ ಹಿಡಿದು. ಇದರಲ್ಲಿ ಹೊಸದೇನಿದೆ ದೇಚಕ್ಕ?"

ಹೊಸದೇನೂ ಇಲ್ಲದಿದ್ದರೂ, ಹಳೇ ಮರ ಒಂದು ಹೋದರೆ ಆ ಸಂಸಾರಕ್ಕೆ ಬಾಡಿಗೆ ಮನೆ ಸಿಗುವುದಿಲ್ಲ ಅನ್ನೋದು ಲೋಕೇಶನಿಗೆ ಅರ್ಥ ಆಯಿತು ಅಂತ ಕಾಣುತ್ತೆ. ಗಿಡ ನೆಡೋದಾದರೆ ಇಲ್ಲಿಯದನ್ನೇ ನೆಡು, ಮಳೆ ಶುರುವಾದಾಗ ನೆಡು, ಮುಂದಿನ ಬೇಸಿಗೆಯಲ್ಲಿ ಎಷ್ಟು ಉಳಿದಿದೆ ಅಂತ ಎಣಿಸು, ಆ ಲೆಕ್ಕವನ್ನು ಗೆಸ್ಟಿಗೆ ಕಳಿಸು, ಐನೂರು ಬೇಕಾದರೆ ಆಗ ತೆಗೆದುಕೋ ಅಂತ ತೀರ್ಮಾನ ಆಯಿತು. ಜೂನ್ 5ಕ್ಕೆ ವಿಶ್ವ ಪರಿಸರ ದಿನ 1973ರಿಂದ ನಡೆಯುತ್ತಿದೆ. ಅವತ್ತು ನೆಟ್ಟ ಗಿಡಗಳ ಫೋಟೋ ಎಷ್ಟು ಬೇಕಾದರೂ ಸಿಗುತ್ತೆ, ಅದೇ ಗಿಡದ ಮುಂದಿನ ವರ್ಷದ ಫೋಟೋ ನನಗಂತೂ ಯಾರೂ ತೋರಿಸಿಲ್ಲ.

ಹಮೀದನದು ಇದರಲ್ಲಿ ಬೇರೆ ತಕರಾರು. ತಡಿಯಂಡಮೋಳ್ ಬೆಟ್ಟ ಹತ್ತುವವರನ್ನು ಬುಡದ ತನಕ ಬಿಟ್ಟು ಬರುವುದು ಅವನ ಕೆಲಸ. ಒಂದು ಸಲ ಅವನ ಜೀಪಿನಲ್ಲಿ ಬಂದ ಗುಂಪೊಂದು ಚೀಲದ ತುಂಬಾ ಬೀಜದುಂಡೆ ತಂದಿತ್ತಂತೆ. ಬೆಟ್ಟ ಬೋಳಾಗಿದೆ, ಪಾಪ, ಕಾಡು ಬೆಳೆಸುತ್ತೇವೆ ಅಂತ.

"ಬೋಳಾಗಿದೆಯಾ!" ದೇಚಕ್ಕ ಕುರ್ಚಿಯಿಂದ ಅರ್ಧ ಎದ್ದರು. "1,748 ಮೀಟರ್ ಎತ್ತರ, ಕೊಡಗಿನಲ್ಲೇ ಎತ್ತರದ ಬೆಟ್ಟ. ಅದರ ಮೇಲಿನದ್ದು ಹುಲ್ಲುಗಾವಲು. ಕಣಿವೆಯಲ್ಲಿ ಶೋಲಾ ಅನ್ನುವ ಗಿಡ್ಡ ಮರಗಳ ದಟ್ಟ ಕಾಡು, ನೆತ್ತಿಯಲ್ಲಿ ಹುಲ್ಲು, ಅದು ಇರಬೇಕಾದದ್ದೇ ಹಾಗೆ. ಆ ಹುಲ್ಲು ಮಳೆ ನೀರನ್ನು ಹಿಡಿದು ನಿಧಾನಕ್ಕೆ ಬಿಡುತ್ತೆ. ಅಲ್ಲಿ ಮರ ನೆಡೋದು ಉಪಕಾರ ಅಲ್ಲ. ಆ ಕಡೆಯ ಪಡಿನಾಲ್ಕುನಾಡು ಕಾಡು 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ ಗೊತ್ತಾ, ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ಅಭಯಾರಣ್ಯಗಳ ಜೊತೆ."

"ನಾನೇನು ನೆಟ್ಟೆನಾ? ನನ್ನ ಮೇಲೆ ಯಾಕೆ ಕೂಗ್ತೀರಿ?" ಅಂದ ಹಮೀದ್. "ನಾನು ಬೀಜದುಂಡೆ ಚೀಲವನ್ನು ಜೀಪಲ್ಲೇ ಮರೆತ ಹಾಗೆ ಮಾಡಿದೆ. ಬೀಟೆ, ಹಲಸು ಇತ್ತು. ನಮ್ಮ ಹಿತ್ತಲಲ್ಲಿ ಹಾಕಿದೀನಿ."

ಇದಕ್ಕೆ ದೇಚಕ್ಕನಲ್ಲಿ ಉತ್ತರ ಇರಲಿಲ್ಲ. ಬೈಯಬೇಕೋ ಶಭಾಷ್ ಅನ್ನಬೇಕೋ ತಿಳಿಯದೆ ಕಾಫಿ ಕುಡಿದರು.

ಹಲಸು ಅಂದಾಕ್ಷಣ ಆನೆ ಬರಲೇಬೇಕು. ಹಣ್ಣಾದರೆ ಎಲ್ಲಿದ್ದರೂ ಬರುತ್ತೆ, ಮಾತಿನಲ್ಲೂ ಬಂತು. ಆನೆ ಈಗೀಗ ಕಾಫಿ ಹಣ್ಣನ್ನೂ ತಿನ್ನುತ್ತೆ, ಲದ್ದಿಯಲ್ಲಿ ಬೀಜ ಕಾಣುತ್ತೆ. ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿ, ಎಲ್ಲಾ ಚರ್ಚೆ ಒಂದು ಸುತ್ತು ಆಯಿತು. ಅದನ್ನೆಲ್ಲ ಇಲ್ಲಿ ಬರೆಯಲ್ಲ, ಕೊಡಗಿನ ಯಾವ ಅಂಗಡಿ ಮುಂದೆ ನಿಂತರೂ ಅದೇ ಮಾತು ಸಿಗುತ್ತೆ. ತೋಟದ ಕೆಲಸಕ್ಕೆ ಬೆಳಿಗ್ಗೆ ನಡೆದು ಬರುವವರ ಜೀವದ ಪ್ರಶ್ನೆ ಅದು, ಅದರಲ್ಲಿ ನನಗೆ ತಮಾಷೆ ಕಾಣುವುದಿಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಎಲ್ಲಿದೆ ಅಂತ ಹಾಕುವುದು ಒಳ್ಳೆಯದು ಅಂತ ಎಲ್ಲರೂ ಒಪ್ಪಿದರು. ತೊಂದರೆ ಎಂದರೆ ಆ ಗುಂಪಿನಲ್ಲಿ ಆನೆಗಿಂತ ಗುಡ್ ಮಾರ್ನಿಂಗ್ ಜಾಸ್ತಿ. ಗುಲಾಬಿ ಹೂವು, ಗುಲಾಬಿ ಹೂವು, ಆನೆ ಬಂದಿದೆ ಹುಷಾರ್, ಗುಲಾಬಿ ಹೂವು. ಯಾರು ನೋಡ್ತಾರೆ?

ಕಸದ ಮಾತು ಸಣ್ಣದಾಗಿ ಮುಗಿಯಿತು, ಯಾಕೆಂದರೆ ಎಲ್ಲರಿಗೂ ಅದರಲ್ಲಿ ಒಂದಷ್ಟು ಪಾಲಿದೆ. ಲೋಕೇಶ ಪ್ಲಾಸ್ಟಿಕ್ ಸುಡುತ್ತಾನೆ. ಸುಟ್ಟರೆ ವಿಷದ ಹೊಗೆ, ಬಿಟ್ಟರೆ ತೋಡಿಗೆ, ತೋಡಿನಿಂದ ಕಾವೇರಿಗೆ. ಮಾವ ಹೇಳಿದ್ದು ಮಾತ್ರ ನೆನಪಿದೆ. "ಬೆಂಗಳೂರಿನವರು ಇಲ್ಲಿ ಬಂದು ಬಾಟಲಿ ಎಸೆಯೋದು ಕಾವೇರಿಗೆ, ಮನೆಗೆ ಹೋಗಿ ನಲ್ಲಿ ತಿರುಗಿಸಿದರೆ ಬರೋದೂ ಕಾವೇರಿ. ನೂರು ಕಿಲೋಮೀಟರಿನಿಂದ ಪಂಪ್ ಮಾಡಿ ತಗೊಂಡು ಹೋಗ್ತಾರೆ. ತಮ್ಮ ಲೋಟಕ್ಕೆ ತಾವೇ ಹಾಕಿಕೊಳ್ತಾ ಇದಾರೆ ಅಂತ ನಿನ್ನ ರೂಮಿನಲ್ಲಿ ಬರೆದು ಅಂಟಿಸು." ಬಾಟಲಿ ನೀರು ಕೊಡೋದು ಬಿಟ್ಟು ಕುದಿಸಿ ಆರಿಸಿದ ನೀರನ್ನು ಹೂಜಿಯಲ್ಲಿ ಇಡುತ್ತೇನೆ ಅಂದ ಲೋಕೇಶ. ರಾತ್ರಿ ಹತ್ತರ ಮೇಲೆ ಸ್ಪೀಕರ್ ಹಾಕಬಾರದು ಅಂತ ಕಾನೂನೇ ಇದೆ ಅಂತ ದೇಚಕ್ಕ ನೆನಪಿಸಿದರು. ಅದಕ್ಕೂ ಹೂಂ ಅಂದ, ಅಷ್ಟು ಗಟ್ಟಿಯಾಗಿ ಅಲ್ಲ.

ಅಷ್ಟರಲ್ಲಿ ಅತ್ತೆ ಕಡುಬು ತಂದಿಟ್ಟು, ಇನ್ನು ಕೆಲವು ದಿನಕ್ಕೆ ಕಕ್ಕಡ ಹದಿನೆಂಟು, ಮದ್ದು ಸೊಪ್ಪು ಯಾರ ತೋಟದಲ್ಲಿದೆ ಅಂತ ಕೇಳಿದರು. ಕಕ್ಕಡ ತಿಂಗಳ ಹದಿನೆಂಟನೇ ದಿನ ಅದು. ಆಗಸ್ಟ್ 3ರ ಸುಮಾರಿಗೆ ಬರುವ ಆ ದಿನ ಈ ಸೊಪ್ಪಿನಲ್ಲಿ ಹದಿನೆಂಟು ಔಷಧ ಸೇರಿರುತ್ತೆ ಅಂತ ನಮ್ಮವರ ನಂಬಿಕೆ. ಬೇಯಿಸಿದರೆ ನೇರಳೆ ಬಣ್ಣದ ರಸ, ಅದರಲ್ಲಿ ಪಾಯಸ. ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತೆ. ನಮಗೆ ಗೊತ್ತು. ಹೋದ ವರ್ಷ ಲೋಕೇಶನ ಗೆಸ್ಟಿಗೆ ಗೊತ್ತಿರಲಿಲ್ಲ. ಸಿಹಿ ಚೆನ್ನಾಗಿದೆ ಅಂತ ಎರಡೆರಡು ಬಟ್ಟಲು ತಿಂದು ಮಲಗಿದ ಆರು ಜನ ಮರುದಿನ ಬೆಳಿಗ್ಗೆ ಒಬ್ಬರಿಗೊಬ್ಬರು ಹೇಳಿಕೊಳ್ಳಲಾಗದೆ, ಒಬ್ಬೊಬ್ಬರೇ ಗುಟ್ಟಾಗಿ ಬಂದು ಹತ್ತಿರದಲ್ಲಿ ಆಸ್ಪತ್ರೆ ಎಲ್ಲಿದೆ ಅಂತ ಲೋಕೇಶನನ್ನು ಕೇಳಿದರಂತೆ. ಆರನೆಯವರು ಕೇಳುವ ತನಕ ಇವನು ನಗು ತಡೆದುಕೊಂಡು ದಾರಿ ಹೇಳುತ್ತಲೇ ಇದ್ದ.

"ಇದನ್ನು ಬರೆದಿಟ್ಟಿದ್ದೀರಾ ಯಾರಾದರೂ?" ದೇಚಕ್ಕ ಕೇಳಿದರು. "ಮೂತ್ರದ ಕಥೆ ಅಲ್ಲ. ಸೊಪ್ಪಿನದು. ಎಲ್ಲಿ ಬೆಳೆಯುತ್ತೆ, ಯಾವಾಗ ಕೊಯ್ಯಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿಯಲ್ಲಿ ಒಂದು ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಜನರಿಗೆ ಗೊತ್ತಿರೋದು ಎಲ್ಲಾ ಸೇರಿಸಿ ದಾಖಲೆ ಪುಸ್ತಕ ಮಾಡಬೇಕು. ನಮ್ಮ ಪಂಚಾಯಿತಿ ಪುಸ್ತಕ ನೋಡಿದವರು ಯಾರಿದ್ದೀರಿ?"

ಯಾರೂ ಇರಲಿಲ್ಲ. ಗ್ರಾಮಸಭೆಗೆ ಹೋಗಿದ್ದು ಮಾವ ಒಬ್ಬರೇ. ಅವರು ಹೋಗಿದ್ದು ರಸ್ತೆ ಗುಂಡಿಗೆ.

ಮುಂದಿನ ಸಭೆಗೆ ಎಲ್ಲರೂ ಹೋಗಿ ಆ ಪುಸ್ತಕ ಕೇಳುವುದು ಅಂತ ಆಯಿತು. ಮಾವನ ಮಳೆ ಲೆಕ್ಕ, ಅತ್ತೆಯ ಸೊಪ್ಪು, ಹಮೀದ್ ನೋಡಿದ ಆನೆ ದಾರಿ, ಊರಿನ ದೇವರಕಾಡಿನ ಮರಗಳು. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಪೊನ್ನಂಪೇಟೆಯ ಅರಣ್ಯ ಕಾಲೇಜಿನವರು ಅದರ ಮೇಲೆ ತುಂಬಾ ಅಧ್ಯಯನ ಮಾಡಿದ್ದಾರೆ, ಅವರನ್ನೂ ಕೇಳೋಣ ಅಂದರು ದೇಚಕ್ಕ. ನಮ್ಮೂರ ದೇವರಕಾಡಿನ ಅಂಚು ಮಾವನ ಹುಡುಗಾಟದ ಕಾಲದಲ್ಲಿ ಎಲ್ಲಿತ್ತು, ಈಗ ಎಲ್ಲಿದೆ ಅನ್ನುವ ಮಾತು ಬಂದಾಗ ಲೋಕೇಶನ ಚಿಕ್ಕಪ್ಪನ ತೋಟದ ಹೆಸರು ಬಂತು. ಲೋಕೇಶ ಕಡುಬು ಬಡಿಸಿಕೊಂಡ.

"ಜೇನಿನ ವಿಷಯ ಯಾರು ಹೇಳ್ತಾರೆ?" ನಾನು ಕೇಳಿದೆ.

ಎಲ್ಲರೂ ಮೆಟ್ಟಿಲ ಕಡೆ ತಿರುಗಿದೆವು. ಅಜ್ಜ ಇಷ್ಟು ಹೊತ್ತು ಬಾಯಿ ಬಿಟ್ಟಿರಲಿಲ್ಲ. ಕೇಳಿದ್ದಕ್ಕೆ ಹೇಳೋಕೆ ಶುರು ಮಾಡಿದರು. ತೊಂಬತ್ತರ ದಶಕದ ಆರಂಭದಲ್ಲಿ ಒಂದು ರೋಗ ಬಂತು, ಪೆಟ್ಟಿಗೆಯ ತುಡುವೆ ಜೇನು ಊರಿಗೂರೇ ಸತ್ತುಹೋಯಿತು, ಕಕ್ಕಬ್ಬೆಯ ಪೆಟ್ಟಿಗೆಗಳೆಲ್ಲ ಖಾಲಿ. (ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್, ಅಂದರು ದೇಚಕ್ಕ ಮೆಲ್ಲಗೆ.) ಆಮೇಲೆ ಯಾವ ತೋಟಕ್ಕೆ ಜೇನು ಮೊದಲು ವಾಪಸ್ ಬಂತು, ಯಾವ ತೋಟಕ್ಕೆ ಬರಲಿಲ್ಲ, ಹೂ ಬಿಟ್ಟ ವಾರದಲ್ಲಿ ಔಷಧಿ ಹೊಡೆಯುವವರು ಯಾರು, ರೊಬಸ್ಟಾಕ್ಕೆ ಜೇನು ಬರದಿದ್ದರೆ ಕಾಯಿ ಹೇಗೆ ಕಮ್ಮಿಯಾಗುತ್ತೆ, ಯಾವ ಮರದಲ್ಲಿ ಮಂಗಟ್ಟೆ ಈಗ ಗೂಡು ಮಾಡುತ್ತೆ, ಮೊದಲು ಯಾವ ಮರ ಇತ್ತು, ಅದನ್ನು ಕಡಿದವರು ಯಾರು, ಎಲ್ಲಾ ಒಂದೇ ದನಿಯಲ್ಲಿ, ಅಂಗಡಿ ಸಾಮಾನು ಪಟ್ಟಿ ಓದುವ ಹಾಗೆ ಹೇಳುತ್ತಾ ಹೋದರು. ಕಡಿದವರ ಪಟ್ಟಿಯಲ್ಲಿ ಮಾವನ ಅಪ್ಪನೂ ಇದ್ದರು. ಮಾವ ಏನೂ ಅನ್ನಲಿಲ್ಲ. ನೋಟ್‌ಬುಕ್ ತೆಗೆದು ಹೊಸ ಪುಟದಲ್ಲಿ ಬರೆದುಕೊಳ್ಳೋಕೆ ಶುರು ಮಾಡಿದರು.

ಲೋಕೇಶನ ಮುಖ ನೋಡಬೇಕಿತ್ತು. ಅವನು ಅಜ್ಜನ ಹತ್ತಿರ ಜೇನು ಕೊಳ್ಳುವಾಗ ಇಷ್ಟು ವರ್ಷವೂ ಮಾತಾಡಿದ್ದು ರೇಟಿನ ಬಗ್ಗೆ ಮಾತ್ರ.

"ಅಜ್ಜ, ಶನಿವಾರ ನನ್ನ ಗೆಸ್ಟ್ ಬರ್ತಾರೆ. ಬೆಳಿಗ್ಗೆ ಎರಡು ಗಂಟೆ ತೋಟದಲ್ಲಿ ಸುತ್ತಾಡಿಸಿ ಇದನ್ನೇ ಹೇಳ್ತೀರಾ? ಒಂದು ಒಳ್ಳೆ ಕಾಫಿ ತಿಂಡಿ ಕೊಡ್ತೀನಿ."

ಅಜ್ಜ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. "ನಿನ್ನ ರೂಮಿಗೆ ಒಂದು ದಿನಕ್ಕೆ ಎಷ್ಟು?"

"ಮೂರು ಸಾವಿರ."

"ನನಗೂ ಅಷ್ಟೇ."

"ಎರಡು ಗಂಟೆಗೆ?"

"ರೂಮಲ್ಲಿ ಅವರು ನಿದ್ದೆ ಮಾಡೋದು ಅಲ್ವಾ? ನನ್ನ ಹತ್ತಿರ ಎದ್ದಿರ್ತಾರೆ."

ದೇಚಕ್ಕ ಚಪ್ಪಾಳೆ ತಟ್ಟಿದರು. ಲೋಕೇಶ ಸಾವಿರದ ಐನೂರಕ್ಕೆ ಬಂದ. ಅಜ್ಜ ಗೊರಬೆ ಎತ್ತಿಕೊಂಡರು. ಎರಡು ಸಾವಿರ ಅಂದ. ಅಜ್ಜ ಒಂದು ಮೆಟ್ಟಿಲು ಇಳಿದರು. ಎರಡೂವರೆ ಅನ್ನುವಷ್ಟರಲ್ಲಿ ಮಾವ ಮಧ್ಯೆ ಬಂದು, ಎರಡೂವರೆ ಸಾವಿರ, ತಿಂಡಿ ಬೇರೆ, ದುಡ್ಡು ಹಿಂದಿನ ದಿನವೇ ಕೈಗೆ, ಇಪ್ಪತ್ತು ಜನ ಒಟ್ಟಿಗೆ ಬೇಡ, ಆರು ಜನ ಮೇಲೆ ಹೋಗಬಾರದು ಅಂತ ಮಿಲಿಟರಿ ಒಪ್ಪಂದ ಮಾಡಿಸಿದರು.

"ಮಾತಾಡೋರು ಬೇಡ," ಅಂದರು ಅಜ್ಜ.

"ಮಾತಾಡದೆ ಅವರು ಹೇಗೆ ಇರ್ತಾರೆ ಅಜ್ಜ?" ಲೋಕೇಶ ಕೇಳಿದ.

"ಅದು ನಿನ್ನ ಕೆಲಸ. ನಿನಗೂ ಏನಾದರೂ ಕೆಲಸ ಇರಬೇಕಲ್ಲ."

ಹಮೀದ್ ಕೀಲಿ ತೆಗೆದುಕೊಂಡು ಎದ್ದ. ಅಜ್ಜನನ್ನು ಬೆಟ್ಟದ ಮನೆಯಿಂದ ಬೆಳಿಗ್ಗೆ ಕರೆದುಕೊಂಡು ಬಂದು ಬಿಡುವ ಜೀಪ್ ಬಾಡಿಗೆ ಈ ಎರಡೂವರೆಯಲ್ಲಿ ಸೇರಿಲ್ಲ, ಅದು ಲೋಕೇಶನ ಲೆಕ್ಕ ಅಂತ ಮೊದಲೇ ಹೇಳಿಬಿಟ್ಟ.